ವಿಂಗ್‌ಟಿಪ್ ಕೂಡುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ: ಶೆಡ್ಡಿನಲ್ಲಿ ಇಬ್ಬರು ಕೂರುವ, ಅಲ್ಯುಮಿನಿಯಂ ರೆಕ್ಕೆಯ ಕಿಟ್ ವಿಮಾನ ಜೋಡಿಸುತ್ತಿದ್ದೇವೆ. ಎಡಗಡೆಯ ಫೈಬರ್‌ಗ್ಲಾಸ್ ವಿಂಗ್‌ಟಿಪ್ (ರೆಕ್ಕೆಯ ತುದಿಗೆ ತೊಡಿಸುವ ಟೊಪ್ಪಿ) ಸರಿಯಾಗಿ ಕೂತಿದೆ. ಬಲಗಡೆಯದರ ಹಿಂದಿನ ಅಂಚು ಮಾತ್ರ ಐಲೆರಾನಿಗಿಂತ (ರೆಕ್ಕೆಯ ಹಿಂದೆ ಮೇಲೆ ಕೆಳಗೆ ಆಡಿ ವಿಮಾನವನ್ನು ವಾಲಿಸುವ ಫಲಕ) ಎರಡು ಸೂತ ಕೆಳಗಿದೆ. ಐಲೆರಾನನ್ನೇ ಅದಕ್ಕೆ ಹೊಂದಿಸಿದರೆ ನಡೆಯುತ್ತದೆಯೇ?
– ಉದ್ಯಮಬಾಗ, ಬೆಳಗಾವಿ

ಉತ್ತರ: ಬ್ಯಾಡ್ರಿ. ಹೊಂದಬೇಕಾದದ್ದು ವಿಂಗ್‌ಟಿಪ್, ಐಲೆರಾನ್ ಅಲ್ಲ. ಎರಡು ಸೂತ ಎಂದರೆ 6 ಮಿ.ಮೀ. ಮೇಲಾಯಿತು. ಅಷ್ಟು ಕೆಳಗೆ ಉಳಿದ ಅಂಚು ಸದಾ ಇಳಿಸಿಟ್ಟ ಪುಟ್ಟ ಐಲೆರಾನಿನ ಹಾಗೆ ಬಲ ರೆಕ್ಕೆಯನ್ನು ಎತ್ತುತ್ತದೆ. ವಿಮಾನ ಎಡಕ್ಕೆ ವಾಲುತ್ತದೆ, ದಾರಿಯುದ್ದಕ್ಕೂ ಸ್ಟಿಕ್ ಬಲಕ್ಕೆ ಒತ್ತಿ ಹಿಡಿಯಬೇಕಾಗುತ್ತದೆ.

ಮೊದಲು ಐಲೆರಾನನ್ನು ನ್ಯೂಟ್ರಲ್‌ನಲ್ಲಿ, ಅಂದರೆ ಮೇಲೂ ಕೆಳಗೂ ವಾಲದ ನಡುಸ್ಥಾನದಲ್ಲಿ, ಬಿಗಿಯಿರಿ, ಕಣ್ಣಂದಾಜು ಸಾಲದು. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ ಥರದ ಕಿಟ್ಟುಗಳಲ್ಲಿ ಕೊನೆಯ ರಿಬ್ಬಿನ (ರೆಕ್ಕೆಗೆ ಆಕಾರ ಕೊಡುವ ಒಳಗಿನ ಅಡ್ಡಪಟ್ಟಿ) ಮುಂದೊಂದು, ಹಿಂದೊಂದು ಟೂಲಿಂಗ್ ತೂತು (ತಯಾರಿಸುವಾಗ ಹಾಳೆಯನ್ನು ಜಾಗದಲ್ಲಿ ಹಿಡಿಯಲು ಮಾಡಿದ ತೂತು) ಇರುತ್ತದೆ. ಅವೆರಡನ್ನೂ ಸೇರಿಸುವ ಗೆರೆ ಐಲೆರಾನಿನ ಹಿಂದಂಚಿಗೆ ಬಂದು ಮುಟ್ಟಬೇಕು. ನಿಮ್ಮ ನಕ್ಷೆಯಲ್ಲಿ ಹಾಗೇ ಇದೆಯೇ ಎಂದು ನೋಡಿಕೊಂಡು, ಆ ಗೆರೆಗೆ ಪ್ಲೈವುಡ್ ಅಚ್ಚು ಕತ್ತರಿಸಿ ಕ್ಲಾಂಪ್ ಹಾಕಿ.

ಈಗ ತೂತು ಕೊರೆಯದೆ ವಿಂಗ್‌ಟಿಪ್ ತೊಡಿಸಿ ಟೇಪ್ ಅಂಟಿಸಿ. ಒಳ ತುಟಿ ಎಲ್ಲಾದರೂ ರಿಬ್ಬಿಗೆ ತಾಗಿ ತಡೆಯುತ್ತಿದ್ದರೆ ಅಲ್ಲಿ ಉಜ್ಜಿದರೆ ಸಾಕು. ತಡೆ ಇಲ್ಲದೆಯೂ ಅಂಚು ಕೆಳಗೇ ಇದ್ದರೆ ಅದು ಕಾರ್ಖಾನೆಯ ಅಚ್ಚಿನಿಂದಲೇ ತಿರುಚಿಕೊಂಡು ಬಂದಿದೆ. ಬಗ್ಗಿಸಿ ಸ್ಕ್ರೂ ಬಿಗಿದರೆ ಒತ್ತಡ ಒಳಗೇ ಉಳಿದು ತೂತಿನ ಸುತ್ತ ಬಿರುಕು ಬಿಡುತ್ತದೆ. ಹಾಗಾಗಿ ಹಿಂದಂಚನ್ನು ಐಲೆರಾನ್ ಕಡೆಯಿಂದ, ತಿರುಚು ಮುಗಿಯುವ ತನಕ, ಹ್ಯಾಕ್ಸಾ ಬ್ಲೇಡಿನಿಂದ ಸೀಳಿ. ಒಳಗೆ 80ರ ಮರಳು ಕಾಗದ ಹಾಕಿ ಉಜ್ಜಿ, ಹತ್ತಿನೂಲಿನ ಪುಡಿ ಬೆರೆಸಿದ ಎಪಾಕ್ಸಿ ಅಂಟು ತುಂಬಿ. ಮೇಲೆ ಕೆಳಗೆ ನೇರವಾದ ಅಲ್ಯುಮಿನಿಯಂ ಆಂಗಲ್ ಇಟ್ಟು, ಐಲೆರಾನಿನ ಸಾಲಿಗೆ ತಂದು ಕ್ಲಾಂಪ್ ಮಾಡಿ. ಆಂಗಲ್‌ಗೆ ಪ್ಯಾಕಿಂಗ್ ಟೇಪ್ ಸುತ್ತುವುದು ಮರೆತರೆ ಅದೂ ವಿಮಾನದ ಭಾಗವಾಗಿಬಿಡುತ್ತದೆ! ಗಟ್ಟಿಯಾದ ಮೇಲೆ ಒಳಗಿನಿಂದ ಎರಡು ಪದರ ಗ್ಲಾಸ್ ಬಟ್ಟೆ.

ಐಲೆರಾನಿಗೂ ವಿಂಗ್‌ಟಿಪ್ಪಿಗೂ ನಡುವೆ ಸುಮಾರು 6 ಮಿ.ಮೀ. ಸಂದು ಬಿಡಿ, ಐಲೆರಾನನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ ನೋಡಿ.

ಕೊರೆಯುವುದು ಇದೆಲ್ಲ ಆದ ಮೇಲೆ. ಮೂಗಿನಿಂದ ಶುರುಮಾಡಿ, ಮೇಲೊಂದು ಕೆಳಗೊಂದು ಎಂದು ಹಿಂದಕ್ಕೆ ಬನ್ನಿ, ಪ್ರತಿ ತೂತಿಗೂ ಕ್ಲಿಕೊ (ತಾತ್ಕಾಲಿಕವಾಗಿ ಹಿಡಿಯುವ ಸ್ಪ್ರಿಂಗ್ ಪಿನ್ನು) ಹಾಕುತ್ತಾ. ಮೇಲಿನ ಸಾಲು ಪೂರ್ತಿ ಮುಗಿಸಿ ಕೆಳಕ್ಕೆ ಹೋದರೆ ಸಡಿಲವೆಲ್ಲ ಹಿಂದಂಚಿಗೆ ಸೇರಿ ಮತ್ತೆ ತಿರುಚುತ್ತದೆ. ಸ್ಕ್ರೂ ಹಾಕುವುದಾದರೆ ನಟ್‌ಪ್ಲೇಟಿನ (ಒಳಗೆ ರಿವೆಟ್ ಮಾಡಿ ಕೂರಿಸುವ ನಟ್ಟು) ಕೆಳಗೆ ತೆಳು ಅಲ್ಯುಮಿನಿಯಂ ಪಟ್ಟಿ ಕೊಡಿ, ಬರೀ ಫೈಬರ್ ನಜ್ಜಾಗುತ್ತದೆ. ದೀಪದ ವೈರು ಗೇಣುದ್ದ ಹೆಚ್ಚಿಗೆ ಇರಲಿ, ಮುಂದೆ ಬಿಚ್ಚುವಾಗ ಬೇಕಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಬರುತ್ತದೆ. ಉಜ್ಜಿ ತೆಗೆಯಬೇಕೇ?
– ಖಾನಾಪುರ

ಉತ್ತರ: ಮೊದಲು ತೊಳೆಯಿರಿ. ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಗಾಳಿಯ ತೇವಕ್ಕೂ ಇಂಗಾಲದ ಡೈಆಕ್ಸೈಡಿಗೂ ಕೂಡಿ ಆಗುವ ಜಿಡ್ಡು ಅದು, ನೀರಿಗೆ ಹೋಗುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಸಾಕು. ಒರೆಸಿ, ಒಣಗಿಸಿ, ಆಮೇಲೆ ಕಾಗದ. ಮೊದಲೇ ಉಜ್ಜಿದರೆ ಜಿಡ್ಡು ಒಳಕ್ಕೆ ಸವರಿ ಮುಂದಿನ ಪದರ ಎದ್ದು ಬರುತ್ತದೆ.