ಜಗಲಿಯಲ್ಲಿ ಮಕ್ಕಳು ಕೂತಿದ್ದಾರೆ ಅಂತಾರೆ ಅಪ್ಪ

ಪ್ರಶ್ನೆ: ಅಪ್ಪನಿಗೆ 68 ವರ್ಷ, ಪಾರ್ಕಿನ್ಸನ್ ಕಾಯಿಲೆ. ಮಾತ್ರೆ ಶುರುವಾದ ಮೇಲೆ ಕೈ ನಡುಕ ಕಡಿಮೆಯಾಯಿತು, ನಡಿಗೆಯೂ ಸುಧಾರಿಸಿತು. ಆದರೆ ಈಚೆಗೆ ಸಂಜೆಯಾದರೆ ಜಗಲಿಯಲ್ಲಿ ಯಾರದೋ ಮಕ್ಕಳು ಕೂತಿದ್ದಾರೆ ಅನ್ನುತ್ತಾರೆ. ಇನ್ನೊಂದು ವಿಷಯ ಬರೆಯಲು ನಾಚಿಕೆ. ಜನ್ಮದಲ್ಲಿ ಇಸ್ಪೀಟು ಮುಟ್ಟದವರು ಈಗ ದುಡ್ಡು ಕಟ್ಟಿ ಆಡುತ್ತಾರೆ, ಅಡಿಕೆ ಮಾರಿದ ಹಣವೂ ಅಲ್ಲಿಗೇ ಹೋಯಿತು. ಗಾಳಿ ಸೋಕಿದೆ ಅಂತ ಅಮ್ಮ ತಾಯಿತ ಕಟ್ಟಿಸಿದ್ದಾರೆ.
– ಹೆಸರು ಬೇಡ, ಸಾಗರ

ಉತ್ತರ: ತಾಯಿತ ಇರಲಿ ಬಿಡಿ, ಅದರಿಂದ ತೊಂದರೆಯೇನಿಲ್ಲ. ನೀವು ಮಾತ್ರ ಡಾಕ್ಟರ ಚೀಟಿ ತೆಗೆದು ನೋಡಿ. ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಅನ್ನುವ ಹೆಸರು ಇದೆಯಾ? ಇದ್ದರೆ ಇಸ್ಪೀಟಿನ ಹುಚ್ಚಿಗೆ ಕಾರಣ ಬಹುಶಃ ಅಲ್ಲೇ ಇದೆ.

ಪಾರ್ಕಿನ್ಸನ್‌ನಲ್ಲಿ ಮಿದುಳಿನ ಬುಡದ ಒಂದು ಸಣ್ಣ ಜಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಕೈಕಾಲು ಆಡಿಸಲು ಆ ಡೋಪಮಿನ್ ಬೇಕೇ ಬೇಕು. ಆದರೆ ಡೋಪಮಿನ್‌ಗೆ ಅದೊಂದೇ ಕೆಲಸವಲ್ಲ. ಯಾವುದರ ಹಿಂದೆ ಬೀಳಬೇಕು, ಯಾವುದು ಸಿಕ್ಕರೆ ಖುಷಿ, ಇನ್ನೊಂದು ಕೈ ಆಡೋಣ ಅನ್ನಿಸುವುದು ಯಾಕೆ, ಇದರಲ್ಲೆಲ್ಲ ಅದರ ಪಾತ್ರವಿದೆ, ಮತ್ತು ಆ ಕೆಲಸ ನಡೆಯುವ ಭಾಗಕ್ಕೆ ಕಾಯಿಲೆಯ ಮೊದಲ ವರ್ಷಗಳಲ್ಲಿ ಅಷ್ಟಾಗಿ ಪೆಟ್ಟು ಬಿದ್ದಿರುವುದಿಲ್ಲ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಗುಂಪಿನ ಮಾತ್ರೆ ಡೋಪಮಿನ್‌ನಂತೆಯೇ ಕೆಲಸ ಮಾಡುತ್ತದೆ, ಆದರೆ ನುಂಗಿದ ಮಾತ್ರೆಗೆ ಎಲ್ಲಿಗೆ ಹೋಗಬೇಕು ಅಂತ ಹೇಳಿ ಕಳಿಸಲು ಆಗುವುದಿಲ್ಲ ಅಲ್ವಾ. ತೋಟದ ಒಂದು ಮೂಲೆ ಒಣಗಿದೆ ಅಂತ ಇಡೀ ತೋಟಕ್ಕೆ ನೀರು ಬಿಟ್ಟರೆ ಹಸಿ ಇದ್ದ ಕಡೆ ಕೆಸರಾಗುತ್ತದೆ, ನಿಮ್ಮಪ್ಪನ ತಲೆಯಲ್ಲೂ ಆದದ್ದು ಅದೇ ಇರಬೇಕು.

ಇದು ಅಪರೂಪವೂ ಅಲ್ಲ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳನ್ನು ನೋಡಿ 2010ರಲ್ಲಿ ಬಂದ ಅಧ್ಯಯನದ ಪ್ರಕಾರ, ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೂರಕ್ಕೆ ಸುಮಾರು 17 ಜನರಿಗೆ ಜೂಜು, ಅತಿಯಾದ ಖರೀದಿ, ಅತಿ ತಿನ್ನುವುದು, ಕಾಮದ ಅತಿರೇಕ ಇವುಗಳಲ್ಲಿ ಒಂದಾದರೂ ಅಂಟಿಕೊಂಡಿತ್ತು. ಆ ಮಾತ್ರೆ ಇಲ್ಲದವರಲ್ಲಿ ಅದು ನೂರಕ್ಕೆ 7. ಮನೆಯವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ, ಡಾಕ್ಟರೂ ಎಷ್ಟೋ ಸಲ ಕೇಳುವುದಿಲ್ಲ. ನೀವೇ ಹೇಳಿ. ಡೋಸ್ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಹೆಚ್ಚಿನವರಲ್ಲಿ ಹುಚ್ಚು ಇಳಿಯುತ್ತದೆ. ಅಲ್ಲಿಯವರೆಗೆ ಎಟಿಎಂ ಕಾರ್ಡ್, ಪಾಸ್‌ಬುಕ್ ಅಮ್ಮನ ಹತ್ತಿರ ಇರಲಿ.

ಇನ್ನು ಆ ಮಕ್ಕಳು. ಕಣ್ಣು ಕಳಿಸುವ ಸುದ್ದಿ ಯಾವಾಗಲೂ ಅರೆಬರೆಯೇ, ಉಳಿದದ್ದನ್ನು ಮಿದುಳು ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ. ಗೂಟಕ್ಕೆ ನೇತುಹಾಕಿದ ಅಂಗಿ ಮಬ್ಬಿನಲ್ಲಿ ಮನುಷ್ಯನಂತೆ ಕಾಣುವುದು ನಮಗೆಲ್ಲ ಆಗಿದೆ, ಮರುಕ್ಷಣ ನಾವು ಸರಿಮಾಡಿಕೊಳ್ಳುತ್ತೇವೆ. ಈ ಕಾಯಿಲೆಯಲ್ಲಿ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವೂ ಕುಗ್ಗುತ್ತದೆ, ಮೇಲಿಂದ ಮಾತ್ರೆಯ ಪ್ರಭಾವ, ಹಾಗಾಗಿ ಸರಿಮಾಡಿಕೊಳ್ಳುವುದು ತಪ್ಪುತ್ತದೆ. ಸಂಜೆ ಬೇಗ ದೊಡ್ಡ ಲೈಟು ಹಾಕಿ, ಕನ್ನಡಕದ ನಂಬರ್ ಪರೀಕ್ಷೆ ಮಾಡಿಸಿ. ಯಾರೂ ಇಲ್ಲ ಅಂತ ಜಗಳಕ್ಕಿಳಿಯಬೇಡಿ. ದಿಢೀರನೆ ಜಾಸ್ತಿಯಾದರೆ ಮೂತ್ರದ ಸೋಂಕು ಇದೆಯಾ ನೋಡಿಸಿ, ವಯಸ್ಸಾದವರಲ್ಲಿ ಭ್ರಮೆ ಹೆಚ್ಚಲು ಅಷ್ಟೇ ಸಾಕಾಗುತ್ತದೆ.

ಎರಡು ಎಚ್ಚರಿಕೆ. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಮೈ ಸೆಟೆದು ಜ್ವರ ಬಂದು ಜೀವಕ್ಕೇ ಕುತ್ತಾಗಬಹುದು. ಮತ್ತೆ ಯಾರಾದರೂ ಭ್ರಮೆಗೆ ಅಂತ ಹಾಲೊಪೆರಿಡಾಲ್ ಬರೆದರೆ ಪಾರ್ಕಿನ್ಸನ್ ಇರುವುದನ್ನು ಮೊದಲು ಹೇಳಿ. ಅದು ಡೋಪಮಿನ್ನನ್ನೇ ತಡೆಯುವ ಔಷಧಿ, ಇದ್ದ ನಡಿಗೆಯೂ ನಿಂತೀತು.

ಪ್ರಶ್ನೆ: ಪಾರ್ಕಿನ್ಸನ್‌ಗೆ ನಸುಗುನ್ನಿ ಬೀಜದ ಪುಡಿ ಒಳ್ಳೆಯದಂತೆ. ಗಿಡಮೂಲಿಕೆ ತಾನೇ, ಮಾತ್ರೆ ಜೊತೆ ಕೊಡಬಹುದಾ?
– ಓದುಗರು, ಶಿರಸಿ

ಉತ್ತರ: ನಸುಗುನ್ನಿಯಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ, ಮಿದುಳಿನಲ್ಲಿ ಡೋಪಮಿನ್ ಆಗಲಿ ಅಂತ ಆಸ್ಪತ್ರೆಯಲ್ಲಿ ಕೊಡುವ ಅದೇ ವಸ್ತು. ತೊಂದರೆ ಇರುವುದೂ ಅಲ್ಲೇ. ಚಮಚದ ಪುಡಿಯಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಮಾತ್ರೆ ಜೊತೆ ಸೇರಿದರೆ ಡಬಲ್ ಡೋಸ್. ಸಾಗರದವರ ಪ್ರಶ್ನೆ ಮೇಲಿದೆ, ಓದಿಕೊಳ್ಳಿ.

ಪ್ರಶ್ನೆ: ಮಗಳಿಗೆ 22 ವರ್ಷ, ಡಿಪ್ರೆಶನ್. ಡಾಕ್ಟರು ಮಿದುಳಿನಲ್ಲಿ ಕೆಮಿಕಲ್ ಕಡಿಮೆ ಅಂದರು. ಹಾಗಾದರೆ ರಕ್ತ ಪರೀಕ್ಷೆ ಮಾಡಿಸೋಣ ಅಂದರೆ ಬೇಡ ಅಂದರು. ಮಾತ್ರೆ ಶುರುಮಾಡಿ ಹತ್ತು ದಿನ, ಏನೂ ಗೊತ್ತಾಗುತ್ತಿಲ್ಲ. ನಿಲ್ಲಿಸೋಣವಾ?
– ತಾಯಿ, ದಾವಣಗೆರೆ

ಉತ್ತರ: ಬೇಡಮ್ಮ, ಈಗಲೇ ನಿಲ್ಲಿಸಬೇಡಿ. ಪರೀಕ್ಷೆ ಬೇಡ ಅಂದದ್ದೂ ಸರಿಯೇ. ಡಾಕ್ಟರು ಹೇಳಿದ ಕೆಮಿಕಲ್ ಸೆರೊಟೋನಿನ್ ಇರಬೇಕು. ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ 90 ಪಾಲು ತಯಾರಾಗುವುದು ಕರುಳಿನಲ್ಲಿ, ಅದು ಮಿದುಳಿನೊಳಗೆ ಹೋಗುವುದೇ ಇಲ್ಲ. ರಕ್ತದ ಲೆಕ್ಕ ಹಿಡಿದು ಮನಸ್ಸಿನ ಲೆಕ್ಕ ಹೇಳಲಾಗದು. ಅದರ ಬದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿ. ಅವು ಏರುಪೇರಾದರೂ ಹೀಗೇ ಮಂಕು, ಸುಸ್ತು.

ಕೆಮಿಕಲ್ ಕಡಿಮೆ ಅನ್ನುವುದು ಹಳೆಯ ಊಹೆ. 1950ರ ದಶಕದಲ್ಲಿ ಬಿಪಿಗೆ ರಿಸರ್ಪಿನ್ ಕೊಡುತ್ತಿದ್ದರು, ನಮ್ಮ ಸರ್ಪಗಂಧಿ ಬೇರಿನಿಂದ ತೆಗೆದ ಔಷಧಿ. ಅದು ಸೆರೊಟೋನಿನ್, ಡೋಪಮಿನ್ ಎರಡನ್ನೂ ಬರಿದು ಮಾಡುತ್ತದೆ, ಕೆಲವರು ಖಿನ್ನರಾದರು. ಅದೇ ಹೊತ್ತಿಗೆ ಕ್ಷಯಕ್ಕೆ ಕೊಟ್ಟ ಇಪ್ರೊನಿಯಾಜಿಡ್ ಅವುಗಳನ್ನು ಉಳಿಸಿ, ರೋಗಿಗಳು ಗೆಲುವಾಗಿ ಓಡಾಡತೊಡಗಿದರು. ಕಡಿಮೆಯಾದರೆ ದುಃಖ, ತುಂಬಿದರೆ ಖುಷಿ ಅಂತ ಲೆಕ್ಕ ಹಾಕಿದ್ದು ಹೀಗೆ. ಅಷ್ಟು ಸಲೀಸಾಗಿದ್ದರೆ ಮಾತ್ರೆ ಎರಡೇ ದಿನದಲ್ಲಿ ಕೆಲಸ ಮಾಡಬೇಕಿತ್ತು, ಯಾಕೆಂದರೆ ಸೆರೊಟೋನಿನ್ ಗಂಟೆಗಳಲ್ಲೇ ಏರತೊಡಗುತ್ತದೆ. ಮನಸ್ಸು ತಿಳಿಯಾಗಲು ಮಾತ್ರ ಎರಡರಿಂದ ಆರು ವಾರ ಬೇಕು. ಸೆರೊಟೋನಿನ್ ಕೊರತೆಯೇ ಡಿಪ್ರೆಶನ್‌ಗೆ ಕಾರಣ ಅನ್ನಲು ಗಟ್ಟಿ ಸಾಕ್ಷಿಯಿಲ್ಲ ಅಂತ ಲಂಡನ್ನಿನ ಸಂಶೋಧಕರು 2022ರಲ್ಲಿ ಬರೆದಾಗ, ಹಾಗಾದರೆ ಮಾತ್ರೆಯೇ ಸುಳ್ಳು ಅಂತ ಕೆಲವರು ಕೂಗಿದರು. ಕಾರಣ ಗೊತ್ತಿಲ್ಲದಿದ್ದರೂ ಔಷಧಿ ಕೆಲಸ ಮಾಡಬಹುದು, ಜ್ವರದ ಮಾತ್ರೆ ಕೆಲಸ ಮಾಡಿತು ಅಂದರೆ ಮೈಯಲ್ಲಿ ಪ್ಯಾರಾಸಿಟಮಾಲ್ ಕಡಿಮೆ ಇತ್ತು ಅಂತಲ್ಲವಲ್ಲ.

ಮೊದಲ ವಾರ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು ಸಾಮಾನ್ಯ. ಇಪ್ಪತ್ತೈದರೊಳಗಿನ ಕೆಲವರಲ್ಲಿ ಶುರುವಿಗೆ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗಬಹುದು. ಸುಮ್ನೆ ಗಮನಿಸುತ್ತಾ ಕೂರಬೇಡಿ, ನೇರವಾಗಿ ಕೇಳಿ. ಹೌದು ಅಂದರೆ ಅವಳನ್ನು ಒಬ್ಬಳೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಧ್ಯರಾತ್ರಿಯಾದರೂ ಸರಿ, 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.