ಪ್ರಕೃತಿ ಅಂದ್ರೆ ಪ್ರಾಣ, ಕೆಮಿಸ್ಟ್ರಿ ಅಂದ್ರೆ ಭಯ ಅನ್ನೋರಿಗೆ

ಎನ್ವಿರಾನ್ಮೆಂಟಲ್ ಸೈನ್ಸ್, ಅಂದ್ರೆ ಪರಿಸರ ವಿಜ್ಞಾನ ಓದೋದರ ಬಗ್ಗೆ ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಮಾತು ಮಾತ್ರ ಬೇರೆ ಬೇರೆ. ಹೋದ ಸಲಾನೂ ಅದೇ ಬಂದಿತ್ತು, ಅದರ ಹಿಂದಿನ ಸಲಾನೂ. ಹಾಗಾಗಿ ಅದಕ್ಕೆ ಈ ಸಲ ಪೂರ್ತಿ ಉತ್ತರ ಬರೀತೀನಿ, ಮಿಕ್ಕಿದ್ದಕ್ಕೆ ಸಿಕ್ಕಷ್ಟು ಜಾಗ. ಅರ್ಜಿ ಹೇಗೆ ಹಾಕ್ಬೇಕು, ಕೊನೇ ದಿನಾಂಕ ಯಾವತ್ತು ಅನ್ನೋದನ್ನೆಲ್ಲ ಆಯಾ ಯೂನಿವರ್ಸಿಟಿ ವೆಬ್‌ಸೈಟಲ್ಲಿ ನೋಡ್ಕೊಳ್ಳಿ, ನನ್ನನ್ನ ಕೇಳ್ಬೇಡಿ.

ಪ್ರಶ್ನೆ: ಮೇಡಂ, ನಂಗೆ ಕಾಡು, ಹಕ್ಕಿ, ಹೊಳೆ ಅಂದ್ರೆ ಪ್ರಾಣ. ಆದ್ರೆ ಗಣಿತ, ಕೆಮಿಸ್ಟ್ರಿ ಕಂಡ್ರೆ ಭಯ. ಎನ್ವಿರಾನ್ಮೆಂಟಲ್ ಸೈನ್ಸ್ ತಗೋಬಹುದಾ? ಅದು ಬೇರೆ ಸೈನ್ಸ್‌ಗಿಂತ ಸುಲಭ ಅಂತಾರಲ್ಲ?

ಸುಲಭ ಅಂತ ಹೇಳಿದೋರು ಲ್ಯಾಬಲ್ಲಿ ಒಂದು ಬಿಒಡಿನೂ ಮಾಡಿರಲ್ಲ, ಅದಂತೂ ಗ್ಯಾರಂಟಿ. ಒಂದೇ ಒಂದು ಟೆಸ್ಟ್ ಹಿಡ್ಕೊಂಡು ತೋರಿಸ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

ಹೊಳೆಗೆ ಚರಂಡಿ ನೀರು ಸೇರ್ತಿದೆ ಅನ್ಕೊಳ್ಳಿ. ಎಷ್ಟು ಕೆಟ್ಟಿದೆ ಅಂತ ಹೇಳ್ಬೇಕು. ಕೊಳೆ ತಿನ್ನೋ ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಬಳಸ್ತವೆ ಅನ್ನೋದನ್ನ ಅಳೆಯೋದೇ ಬಿಒಡಿ. 300 ಮಿ.ಲೀ. ಬಾಟಲಿ, ಒಳಗೆ ಒಂದು ಗುಳ್ಳೆನೂ ಇರಬಾರ್ದು ಹಾಗೆ ತುಂಬಿ ಮುಚ್ಚಳ ಹಾಕಿ, 20 ಡಿಗ್ರಿಯಲ್ಲಿ ಕತ್ತಲಲ್ಲಿ 5 ದಿನ ಇಡ್ತೀವಿ. ಮೊದಲ ದಿನದ ಆಮ್ಲಜನಕಕ್ಕೂ ಐದನೇ ದಿನದ್ದಕ್ಕೂ ಇರೋ ವ್ಯತ್ಯಾಸ ನೋಡ್ತೀವಿ. ಇಷ್ಟೇ ಅಂದ್ರೆ ಇಷ್ಟೇ. ಆದ್ರೆ ಆಮ್ಲಜನಕ ಕಣ್ಣಿಗೆ ಕಾಣಲ್ಲ. ವಿಂಕ್ಲರ್ ವಿಧಾನದಲ್ಲಿ ಬಾಟಲಿಗೆ ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಸೇರಿದ ಅಯೋಡೈಡ್ ಹಾಕ್ತೀವಿ. ನೀರಲ್ಲಿ ಆಮ್ಲಜನಕ ಇದ್ರೆ ಕಂದು ಬಣ್ಣದ ಗಸಿ ಕೆಳಗೆ ಕೂರತ್ತೆ, ಇಲ್ಲದಿದ್ರೆ ಬೆಳ್ಳಗೇ ಇರತ್ತೆ. ಸಲ್ಫ್ಯೂರಿಕ್ ಆ್ಯಸಿಡ್ ಹಾಕಿದ್ರೆ ಗಸಿ ಕರಗಿ ಹಳದಿ ಅಯೋಡಿನ್ ಬಿಡತ್ತೆ, ಅದಕ್ಕೆ ಥಯೋಸಲ್ಫೇಟ್ ಬಿಡ್ತಾ ಬಿಡ್ತಾ ಹಳದಿ ತೆಳುವಾದಾಗ ಸ್ಟಾರ್ಚ್ ಹಾಕ್ತೀವಿ, ನೀಲಿ ಆಗತ್ತೆ, ಆಮೇಲೆ ಒಂದೊಂದೇ ಹನಿ, ಯಾವ ಹನಿಗೆ ನೀಲಿ ಹೋಯ್ತೋ ಅಲ್ಲಿಗೆ ನಿಲ್ಲಿಸ್ಬೇಕು. ಎರಡು ಹನಿ ಜಾಸ್ತಿ ಬಿದ್ರೂ ಲೆಕ್ಕ ಹೋಯ್ತು.

ಈಗ ಭಯ ಪಡೋರು ಮಾಡೋ ತಪ್ಪು ಎಲ್ಲಾಗತ್ತೆ ನೋಡಿ. ಹೊಳೆ ನೀರಿನ ನಿಜವಾದ ಬಿಒಡಿ ಲೀಟರಿಗೆ 60 ಮಿಲಿಗ್ರಾಂ ಇದೆ ಅಂತಿಟ್ಕೊಳ್ಳಿ. 20 ಡಿಗ್ರಿಯಲ್ಲಿ ನೀರು ಹಿಡ್ಕೊಳ್ಳೋದೇ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ. ವಿಧಾನ ಬಾಯಿಪಾಠ ಮಾಡಿರೋ ಸ್ಟೂಡೆಂಟ್ ಆ ನೀರನ್ನ ಹಾಗೇ ಬಾಟಲಿಗೆ ತುಂಬಿಡ್ತಾರೆ. ಮೊದಲ ದಿನ 8 ಇತ್ತು, ಐದನೇ ದಿನ 0, ಹಾಗಾಗಿ ಬಿಒಡಿ 8 ಅಂತ ಬರೀತಾರೆ. ಬ್ಯಾಕ್ಟೀರಿಯಾಕ್ಕೆ ಇನ್ನೂ ಬೇಕಿತ್ತು, ಬಾಟಲಿಯಲ್ಲಿ ಇರಲಿಲ್ಲ, ಅಷ್ಟೇ ವಿಷಯ. 60 ಇದ್ದದ್ದು ರಿಪೋರ್ಟಲ್ಲಿ 8 ಆಗಿ, ಗಬ್ಬು ನಾರೋ ಹೊಳೆ ಕಾಗದದ ಮೇಲೆ ಪರವಾಗಿಲ್ಲ ಅನ್ನೋ ಹಾಗಾಯ್ತು. ಅದಕ್ಕೇ ನೀರನ್ನ ಡೈಲ್ಯೂಟ್ ಮಾಡ್ಬೇಕು, ಐದನೇ ದಿನ ಕನಿಷ್ಠ 1 ಮಿಲಿಗ್ರಾಂ ಉಳಿದಿರ್ಬೇಕು, ಕನಿಷ್ಠ 2 ಇಳಿದಿರ್ಬೇಕು ಅನ್ನೋ ನಿಯಮ ಇರೋದು. ಸೀವೇಜ್ ಆದ್ರೆ 300ರ ಬಾಟಲಿಗೆ 6 ಮಿ.ಲೀ. ಸಾಕು, ಮಿಕ್ಕಿದ್ದು ಡೈಲ್ಯೂಷನ್ ನೀರು. 8.6 ಇದ್ದದ್ದು 4.2ಕ್ಕೆ ಇಳೀತು ಅಂದ್ರೆ ವ್ಯತ್ಯಾಸ 4.4, ಅದನ್ನ 50ರಿಂದ ಗುಣಿಸಿ, 220. ಈ ಗುಣಾಕಾರ ಯಾರಿಗೆ ಬರಲ್ಲ ಹೇಳಿ? ಗಣಿತ ಕಷ್ಟ ಅಂತ ನೀವು ಹೆದರ್ತಿರೋದು ಈ ಗುಣಾಕಾರಕ್ಕಲ್ಲ, ಯಾಕೆ 50 ಅಂತ ಯೋಚನೆ ಮಾಡೋದಕ್ಕೆ. ಆ ಯೋಚನೆ ಬಿಟ್ರೆ ಈ ಸಬ್ಜೆಕ್ಟಲ್ಲಿ ಏನೂ ಉಳಿಯಲ್ಲ.

ಇನ್ನೂ ಇದೆ. ಅದೇ ಹೊಳೆಗೆ ಫ್ಯಾಕ್ಟರಿ ನೀರೂ ಸೇರ್ತಿದೆ, ಅದ್ರಲ್ಲಿ ಭಾರ ಲೋಹ ಇದೆ ಅನ್ಕೊಳ್ಳಿ. ಬಾಟಲಿಯೊಳಗಿನ ಬ್ಯಾಕ್ಟೀರಿಯಾ ಸತ್ತು ಹೋಗ್ತವೆ, ಆಮ್ಲಜನಕ ಬಳಸೋರೇ ಇಲ್ಲ, ಬಿಒಡಿ ತೀರಾ ಕಮ್ಮಿ ಬರತ್ತೆ. ವಿಷ ಇರೋದಕ್ಕೇ ನಂಬರ್ ಚೆನ್ನಾಗಿ ಬಂತು! ಜೊತೆಗೆ ಸಿಒಡಿ, ಅಂದ್ರೆ ಬ್ಯಾಕ್ಟೀರಿಯಾ ಬದಲು ಕೆಮಿಕಲ್ ಹಾಕಿ ಅಳೆಯೋ ಟೆಸ್ಟ್, ಮಾಡಿ ಹೋಲಿಸಿ ನೋಡಿದೋರಿಗೆ ಮಾತ್ರ ಅನುಮಾನ ಬರತ್ತೆ. ಇಲ್ಲಿ ಕೆಮಿಸ್ಟ್ರಿ ಗೊತ್ತಿಲ್ಲದೋರು, ಹೊಳೆ ಮೇಲೆ ಎಷ್ಟೇ ಪ್ರೀತಿ ಇರ್ಲಿ, ಫ್ಯಾಕ್ಟರಿಗೆ ಸರ್ಟಿಫಿಕೇಟ್ ಬರ್ಕೊಟ್ಟು ಬರ್ತಾರೆ. ನಂಗೆ ಈ ಪ್ರಶ್ನೆ ಕಂಡ್ರೆ ಸಿಟ್ಟು ಬರೋದು ಇದಕ್ಕೇ.

ಸ್ಯಾಂಪಲ್ ಯಾವಾಗ ತಗೋಬೇಕು ಅನ್ನೋದು ಇನ್ನೊಂದು. ಪಾಚಿ ತುಂಬಿರೋ ಕೆರೆಗೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಆಮ್ಲಜನಕ ಅಳೀರಿ, ದ್ಯುತಿಸಂಶ್ಲೇಷಣೆ ಜೋರಾಗಿ ನಡೀತಿರತ್ತೆ, ಸ್ವಚ್ಛ ನೀರಿಗಿಂತ ಜಾಸ್ತಿನೇ ತೋರ್ಸತ್ತೆ. ಮೀನು ಸಾಯೋದು ಬೆಳಗಿನ ಜಾವ. ರಾತ್ರಿಯೆಲ್ಲ ಪಾಚಿನೂ ಉಸಿರಾಡಿ ಆಮ್ಲಜನಕ ಖಾಲಿ ಮಾಡಿರತ್ತೆ. ಎಲ್ಲಿ ತಗೋಬೇಕು ಅನ್ನೋದೂ ಅಷ್ಟೇ. ಕೊಳಕು ನೀರು ಬೀಳೋ ಪೈಪಿನ ಬಾಯಲ್ಲೇ ಎಲ್ಲರೂ ನಿಂತು ಸ್ಯಾಂಪಲ್ ತಗೊಂಡು ಫೋಟೋ ತೆಗೆಸ್ಕೋತಾರೆ, ಆದ್ರೆ ಆಮ್ಲಜನಕ ಅತಿ ಕಮ್ಮಿ ಆಗೋದು ಅಲ್ಲಿಂದ ಎಷ್ಟೋ ಕೆಳಗೆ, ಬ್ಯಾಕ್ಟೀರಿಯಾ ತಿನ್ನೋ ವೇಗ ಗಾಳಿಯಿಂದ ಆಮ್ಲಜನಕ ಸೇರೋ ವೇಗವನ್ನ ಮೀರಿ ಮೀರಿ ಕೊನೆಗೆ ಎರಡೂ ಸಮ ಆಗೋ ಜಾಗದಲ್ಲಿ. ಸ್ಟ್ರೀಟರ್, ಫೆಲ್ಪ್ಸ್ ಅನ್ನೋ ಇಬ್ರು ಅಮೆರಿಕದ ಒಹಾಯೊ ನದಿ ಮೇಲೆ ಕೆಲಸ ಮಾಡಿ 1925ರಲ್ಲೇ ಇದಕ್ಕೆ ಸಮೀಕರಣ ಬರೆದಿಟ್ಟಿದ್ದಾರೆ. ಡಿಫರೆನ್ಷಿಯಲ್ ಈಕ್ವೇಷನ್ ಅಂದ ತಕ್ಷಣ ಪುಸ್ತಕ ಮುಚ್ಚಬೇಡಿ, ಎರಡು ವೇಗಗಳ ಜಗಳ ಅಷ್ಟೇ ಅದು.

ಲಾಗರಿದಮ್ ಬಗ್ಗೆನೂ ಒಂದು ಮಾತು. ಕೈಗಾರಿಕಾ ಕಾಲಕ್ಕೆ ಮುಂಚೆಯಿಂದ ಈವರೆಗೆ ಸಮುದ್ರದ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಬಂದಿದೆ. ಬರೀ 0.1 ತಾನೇ ಅಂತಾರೆ. ಪಿಎಚ್ ಲಾಗ್ ಲೆಕ್ಕದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ, ಹಾಗಾಗಿ ಆ 0.1 ಅಂದ್ರೆ ಹೈಡ್ರೋಜನ್ ಅಯಾನು ಸುಮಾರು 26% ಜಾಸ್ತಿ ಆಗಿದೆ ಅಂತ. ಲಾಗ್ ಗೊತ್ತಿಲ್ಲದೋರಿಗೆ ಇದು ಸುದ್ದಿನೇ ಅಲ್ಲ.

ಹಾಗಂತ ನಿಮ್ಮನ್ನ ಬರಬೇಡಿ ಅಂತಿಲ್ಲ. ಕೆಮಿಸ್ಟ್ರಿಯಲ್ಲಿ ಕಮ್ಮಿ ಮಾರ್ಕ್ಸ್ ಬಂದಿದೆ ಅಂದ್ರೆ ಅದು ಬೇರೆ ವಿಷಯ, ಕಲೀಬಹುದು, ಎಷ್ಟೋ ಜನ ಕಲಿತಿದ್ದನ್ನ ಕಣ್ಣಾರೆ ಕಂಡಿದ್ದೀನಿ, ಹೊಳೆ ಕಣ್ಣೆದುರಿಗೆ ಇದ್ದಾಗ ಟೈಟ್ರೇಷನ್ ಬೇಗ ತಲೆಗೆ ಹತ್ತತ್ತೆ. ಆದ್ರೆ ಕೆಮಿಸ್ಟ್ರಿಯಿಂದ ತಪ್ಪಿಸ್ಕೊಳ್ಳಕ್ಕೆ ಅಂತ ಇಲ್ಲಿಗೆ ಬರೋದಾದ್ರೆ ಬರಬೇಡಿ. ಪ್ರಕೃತಿ ಮೇಲೆ ಪ್ರೀತಿ ಇದ್ದು ಅಳೆಯೋದು ಇಷ್ಟ ಇಲ್ಲದೋರಿಗೆ ಬರವಣಿಗೆ ಇದೆ, ಕಾನೂನು ಇದೆ, ಮೇಷ್ಟ್ರ ಕೆಲಸ ಇದೆ, ಅವೆಲ್ಲ ಪರಿಸರಕ್ಕೆ ಬೇಕಾದ ಕೆಲಸಗಳೇ, ಒಂದೂ ಕಮ್ಮಿ ಅಲ್ಲ.

ಕಾಲೇಜು ಆರಿಸೋವಾಗ ಬ್ರೋಷರಲ್ಲಿ ಹಸಿರು ಲಾನ್ ಫೋಟೋ ನೋಡ್ಬೇಡಿ, ಟೈಮ್‌ಟೇಬಲ್ ಕೇಳಿ. ವಾರಕ್ಕೆ ಲ್ಯಾಬ್ ಎಷ್ಟು ಗಂಟೆ, ಫೀಲ್ಡ್ ವರ್ಕ್ ಅಂದ್ರೆ ಅಳತೆನೋ ಪಿಕ್ನಿಕ್ಕೋ, ಮೊದಲ ಎರಡು ವರ್ಷದಲ್ಲೇ ಸ್ಟ್ಯಾಟಿಸ್ಟಿಕ್ಸ್ ಇದೆಯಾ, ಜಿಐಎಸ್, ಅಂದ್ರೆ ಕಂಪ್ಯೂಟರಲ್ಲಿ ನಕ್ಷೆ ಮೇಲೆ ಡೇಟಾ ಇಟ್ಟು ನೋಡೋದು, ಕಲಿಸ್ತಾರಾ, ಪಿಎಚ್ ಮೀಟರನ್ನ ಸ್ಟೂಡೆಂಟ್ಸೇ ಕ್ಯಾಲಿಬ್ರೇಟ್ ಮಾಡ್ತಾರಾ ಇಲ್ಲ ಅಟೆಂಡರ್ ಮಾಡಿಟ್ಟಿರ್ತಾರಾ. ಈ ಕೊನೇ ಪ್ರಶ್ನೆಗೆ ಬರೋ ಉತ್ತರದಲ್ಲಿ ಆ ಡಿಪಾರ್ಟ್‌ಮೆಂಟಿನ ಬಂಡವಾಳ ಗೊತ್ತಾಗತ್ತೆ.

ಪ್ರಶ್ನೆ: ಓಜೋನ್ ಪದರ ತೂತಾಗಿದ್ದಕ್ಕೆ ತಾನೇ ಭೂಮಿ ಬಿಸಿ ಆಗ್ತಿರೋದು?

ಅಲ್ಲ. ಓಜೋನ್ ತೂತಿಗೆ ಕಾರಣ ಫ್ರಿಜ್, ಸ್ಪ್ರೇಗಳಲ್ಲಿ ಬಳಸ್ತಿದ್ದ ಸಿಎಫ್‌ಸಿ ಅನ್ನೋ ರಾಸಾಯನಿಕ, ಭೂಮಿ ಬಿಸಿ ಆಗೋದಕ್ಕೆ ಮುಖ್ಯ ಕಾರಣ ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು ಬರೋ ಕಾರ್ಬನ್ ಡೈಆಕ್ಸೈಡ್.

ಪ್ರಶ್ನೆ: ಅಮೆಜಾನ್ ಕಾಡು ನಮ್ಮ 20% ಆಮ್ಲಜನಕ ಕೊಡತ್ತೆ ಅಂತ ಪ್ರಾಜೆಕ್ಟಲ್ಲಿ ಬರೀಬಹುದಾ?

ಬೇಡ. ಅಲ್ಲಿ ಹುಟ್ಟೋ ಆಮ್ಲಜನಕವನ್ನ ಹೆಚ್ಚುಕಮ್ಮಿ ಪೂರ್ತಿ ಅಲ್ಲಿನ ಮರಗಳು, ಸೂಕ್ಷ್ಮಜೀವಿಗಳೇ ಬಳಸ್ಕೋತವೆ. ಆ ಕಾಡು ಉಳಿಸಕ್ಕೆ ನಿಜವಾದ ಕಾರಣಗಳು ಬೇಕಾದಷ್ಟಿವೆ, ಸುಳ್ಳು ಬೇಕಾಗಿಲ್ಲ.

ಪ್ರಶ್ನೆ: ಹಣ್ಣಿನ ಸಿಪ್ಪೆ, ಬೆಲ್ಲ ಹಾಕಿ ಹುದುಗಿಸಿದ ಬಯೋ ಎಂಜೈಮ್ ಕೆರೆಗೆ ಸುರಿದ್ರೆ ಕೆರೆ ಶುದ್ಧ ಆಗತ್ತಂತೆ, ಇದರ ಮೇಲೇ ಡಿಸರ್ಟೇಷನ್ ಮಾಡ್ಲಾ?

ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಕಥೆ ಇದು. ಆ ದ್ರಾವಣ ಹುಳಿ, ಅಂದ್ರೆ ಆಮ್ಲ, ಅದರ ತುಂಬ ಕರಗಿರೋ ಸಾವಯವ ವಸ್ತು. ಮೇಲೆ ಹೇಳಿದ ಬಾಟಲಿಗೆ ಅದನ್ನೇ ಸ್ವಲ್ಪ ಹಾಕಿ ಐದು ದಿನ ಬಿಟ್ಟು ನೋಡಿ, ಬಿಒಡಿ ಎಲ್ಲಿಗೆ ಹೋಗತ್ತೆ ಅಂತ. ಮೊದಲೇ ಆಮ್ಲಜನಕ ಇಲ್ಲದೆ ಒದ್ದಾಡ್ತಿರೋ ಕೆರೆಗೆ ಇನ್ನಷ್ಟು ಕೊಳೆಯೋ ಪದಾರ್ಥ ಸುರಿಯೋದು ಶುದ್ಧೀಕರಣ ಹೇಗಾಗತ್ತೆ? ಪುಡಿ, ಉಂಡೆ, ಮ್ಯಾಜಿಕ್ ಬ್ಯಾಕ್ಟೀರಿಯಾ ಮಾರೋರಿಗೂ ಇದೇ ಮಾತು. ಹಾಕದೇ ಬಿಟ್ಟ ಭಾಗದ ಜೊತೆ ಹೋಲಿಸಿದ ಡೇಟಾ ತೋರಿಸಿ ಅಂದ್ರೆ ಮಾತು ಬದಲಾಯಿಸ್ತಾರೆ.

ಹೋಲಿಕೆ ಅಂದ್ರೆ ಹೇಗಿರ್ಬೇಕು ಅಂತ ತಿಳೀಬೇಕಾದ್ರೆ ಕೆನಡಾದ ಒಂಟಾರಿಯೊದಲ್ಲಿರೋ 226ನೇ ನಂಬರಿನ ಸರೋವರದ ಬಗ್ಗೆ ಓದಿ. 1973ರಲ್ಲಿ ಡೇವಿಡ್ ಶಿಂಡ್ಲರ್ ತಂಡದೋರು ಆ ಸರೋವರದ ನಡುವೆ ಪರದೆ ಹಾಕಿ ಎರಡು ಭಾಗ ಮಾಡಿದ್ರು, ಒಂದು ಕಡೆ ಕಾರ್ಬನ್, ನೈಟ್ರೋಜನ್, ಇನ್ನೊಂದು ಕಡೆ ಅವೆರಡರ ಜೊತೆ ಫಾಸ್ಫರಸ್. ಫಾಸ್ಫರಸ್ ಹಾಕಿದ ಕಡೆ ಮಾತ್ರ ಪಾಚಿ ಎದ್ದು ಹಸಿರಾಯ್ತು. ಆಕಾಶದಿಂದ ತೆಗೆದ ಆ ಫೋಟೋ ನೋಡಿದ ಮೇಲೆ ಡಿಟರ್ಜೆಂಟಲ್ಲಿ ಫಾಸ್ಫೇಟ್ ಇದ್ರೆ ಏನಂತೆ ಅನ್ನೋ ವಾದಕ್ಕೆ ಬೆಲೆ ಉಳೀಲಿಲ್ಲ. ಡಿಸರ್ಟೇಷನ್ ಅಂದ್ರೆ ಹೀಗೆ ಒಂದೇ ಪ್ರಶ್ನೆ, ಒಂದೇ ವ್ಯತ್ಯಾಸ. ಟಾಪಿಕ್ ಕೊಡಿ ಮೇಡಂ ಅಂತ ಬರೆದಿರೋರಿಗೆಲ್ಲ ಉತ್ತರ ಇಲ್ಲೇ ಇದೆ.

ಪ್ರಶ್ನೆ: ಎನ್ವಿರಾನ್ಮೆಂಟಲ್ ಸೈನ್ಸ್ ಡಿಗ್ರಿನೋ ಸಸ್ಟೈನಬಿಲಿಟಿ ಡಿಗ್ರಿನೋ? ಆರು ವಾರದ ಆನ್‌ಲೈನ್ ಇಎಸ್‌ಜಿ (ಕಂಪನಿಗಳ ಪರಿಸರ, ಸಾಮಾಜಿಕ, ಆಡಳಿತ ಹೊಣೆ) ಸರ್ಟಿಫಿಕೇಟ್ ಮಾಡಿದ್ರೆ ಕೆಲಸ ಗ್ಯಾರಂಟಿ ಅಂತಿದ್ದಾರೆ.

ಕೆಲಸ ಗ್ಯಾರಂಟಿ ಅನ್ನೋರಿಂದ ದೂರ ಇರಿ, ಅಷ್ಟು ಸಾಕು.

ಡಿಗ್ರಿ ವಿಷಯಕ್ಕೆ ಬಂದ್ರೆ, ನನ್ನ ಅಭಿಪ್ರಾಯ, ಮೊದಲು ಸೈನ್ಸ್, ಸಸ್ಟೈನಬಿಲಿಟಿ ಮಾಸ್ಟರ್ಸಲ್ಲಿ ನೋಡ್ಕೊಳ್ಳಿ. ಸುಸ್ಥಿರ ಅಭಿವೃದ್ಧಿ ಅಂದ್ರೇನು ಅಂತ ವಿಶ್ವಸಂಸ್ಥೆಯ 1987ರ ಬ್ರಂಟ್‌ಲ್ಯಾಂಡ್ ವರದಿ ಕೊಟ್ಟ ವ್ಯಾಖ್ಯಾನವನ್ನ ಎಲ್ಲರೂ ಮೊದಲ ಪುಟದಲ್ಲಿ ಬರೀತಾರೆ, ಎರಡನೇ ಪುಟದಲ್ಲಿ ಲೆಕ್ಕ ಇರಲ್ಲ. ಪೇಪರ್ ಚೀಲ ಒಳ್ಳೇದೋ ಬಟ್ಟೆ ಚೀಲ ಒಳ್ಳೇದೋ ಅಂತ ಕೇಳಿದ್ರೆ, ಎಷ್ಟು ಸಲ ಬಳಸ್ತೀರಿ, ಎಷ್ಟು ತೂಕ ಹೊರಿಸ್ತೀರಿ, ಬಿಸಾಕಿದ ಮೇಲೆ ಎಲ್ಲಿಗೆ ಹೋಗತ್ತೆ ಅಂತ ವಾಪಸ್ ಕೇಳೋರು ಬೇಕು. ಅದೇ ಎಲ್‌ಸಿಎ, ಅಂದ್ರೆ ಒಂದು ವಸ್ತುವಿನ ಹುಟ್ಟಿಂದ ಕೊನೆವರೆಗಿನ ಪರಿಸರದ ಲೆಕ್ಕ, ಅದಕ್ಕೆ ಐಎಸ್‌ಒ 14040 ಅಂತ ಸ್ಟ್ಯಾಂಡರ್ಡೇ ಇದೆ. ಕಾರ್ಬನ್ ಲೆಕ್ಕದಲ್ಲೂ ಅಷ್ಟೇ, ಕಂಪನಿ ತಾನು ಸುಡೋ ಡೀಸೆಲ್ ಸ್ಕೋಪ್ 1, ಕೊಂಡ್ಕೊಳ್ಳೋ ಕರೆಂಟ್ ಸ್ಕೋಪ್ 2, ಸಪ್ಲೈಯರ್‌ಗಳಿಂದ ಹಿಡಿದು ಗ್ರಾಹಕರವರೆಗೆ ಮಿಕ್ಕಿದ್ದೆಲ್ಲ ಸ್ಕೋಪ್ 3. ಎಷ್ಟೋ ಕಂಪನಿಗಳ ದೊಡ್ಡ ಪಾಲು ಆ ಮೂರನೇದ್ರಲ್ಲಿ ಇರತ್ತೆ, ನಾವು ಕಾರ್ಬನ್ ನ್ಯೂಟ್ರಲ್ ಅಂತ ಬೋರ್ಡ್ ಹಾಕೋರು ಅದನ್ನೇ ಬಿಟ್ಟಿರ್ತಾರೆ. ಅದನ್ನ ಹಿಡಿಯೋ ಸಾಮರ್ಥ್ಯ ಆರು ವಾರದಲ್ಲಿ ಬರಲ್ಲ.

ಪ್ರಶ್ನೆ: ಓದ್ತಾ ಓದ್ತಾ ಹತಾಶೆ ಆಗ್ತಿದೆ ಮೇಡಂ. ಎಲ್ಲಾ ಮುಗಿದೇ ಹೋಗಿದೆ ಅನ್ಸತ್ತೆ, ಓದಿ ಏನು ಪ್ರಯೋಜನ?

ಈ ಪ್ರಶ್ನೆಗೆ ಮಾತ್ರ ನಂಗೆ ಸಿಟ್ಟು ಬರಲ್ಲ. ನಿದ್ದೆ, ಊಟ ಕೆಡೋ ಮಟ್ಟಕ್ಕೆ ಹೋಗಿದ್ರೆ ಮೊದಲು ಡಾಕ್ಟರನ್ನೋ ಕೌನ್ಸೆಲರನ್ನೋ ನೋಡಿ. ಪ್ರಯೋಜನ ಏನು ಅನ್ನೋದಕ್ಕೆ ಓಜೋನ್ ಕಥೆನೇ ಹೇಳ್ತೀನಿ. ಸಿಎಫ್‌ಸಿ ಓಜೋನನ್ನ ತಿನ್ನತ್ತೆ ಅಂತ ಮೊಲೀನಾ ಮತ್ತು ರೋಲ್ಯಾಂಡ್ 1974ರಲ್ಲಿ ಬರೆದಾಗ ಉದ್ಯಮದೋರು ನಂಬಲಿಲ್ಲ. ಅಂಟಾರ್ಕ್ಟಿಕಾದಲ್ಲಿ ಬ್ರಿಟಿಷ್ ವಿಜ್ಞಾನಿಗಳು 1950ರ ದಶಕದಿಂದ ಒಂದೇ ಜಾಗದಲ್ಲಿ ವರ್ಷಾ ವರ್ಷಾ ಓಜೋನ್ ಅಳೀತಾ ಬಂದಿದ್ರು. ಬೇರೆಯವರ ಕಣ್ಣಿಗೆ ಬೇಜಾರಿನ ಕೆಲಸ. 1985ರಲ್ಲಿ ಜೋ ಫಾರ್ಮನ್ ಮತ್ತು ಜೊತೆಯೋರು ವಸಂತದಲ್ಲಿ ಓಜೋನ್ ಕುಸೀತಿದೆ ಅಂತ ಹೇಳಕ್ಕೆ ಆಗಿದ್ದು ಆ ಹಳೇ ಅಳತೆಗಳು ಇದ್ದಿದ್ದಕ್ಕೆ. 1987ಕ್ಕೆ ಸಿಎಫ್‌ಸಿ ಕಮ್ಮಿ ಮಾಡೋ ಮಾಂಟ್ರಿಯಲ್ ಒಪ್ಪಂದ ಆಯ್ತು, ಪದರ ಈಗ ನಿಧಾನವಾಗಿ ಚೇತರಿಸ್ಕೋತಿದೆ. ಕಾರ್ಬನ್ ಡೈಆಕ್ಸೈಡ್ ಕಥೆ ಅಷ್ಟು ಸಲೀಸಲ್ಲ, ಕೀಲಿಂಗ್ ಅನ್ನೋ ವಿಜ್ಞಾನಿ 1958ರಲ್ಲಿ ಹವಾಯಿಯಲ್ಲಿ ಅಳೆಯಕ್ಕೆ ಶುರು ಮಾಡಿದಾಗ ಗಾಳಿಯಲ್ಲಿ 315 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಹತ್ರ ಇತ್ತು, ಈಗ 420 ದಾಟಿದೆ, ನಿಮಗೆ ಸುಳ್ಳು ಸಮಾಧಾನ ಹೇಳಲ್ಲ. ಆದ್ರೆ ಎಲ್ಲಾ ಮುಗೀತು ಅನ್ನೋದೂ ಅಳೆಯದೇ ಹೇಳೋ ಮಾತೇ, ಯಾಕಂದ್ರೆ ತಡೆದ ಪ್ರತಿ ಟನ್ನಿಗೂ ಅಷ್ಟರ ಮಟ್ಟಿಗೆ ಬಿಸಿ ಕಮ್ಮಿ.

ಪ್ರಶ್ನೆ: ಇಂಟರ್ನ್‌ಶಿಪ್ ಮಾಡ್ತಿರೋ ಕನ್ಸಲ್ಟೆನ್ಸಿಯಲ್ಲಿ, ಸೈಟಿಗೆ ಹೋಗೋದು ಬೇಡ, ಹೋದ ತಿಂಗಳ ರೀಡಿಂಗನ್ನೇ ಸ್ವಲ್ಪ ಹೆಚ್ಚುಕಮ್ಮಿ ಮಾಡಿ ತುಂಬಿ ಸಹಿ ಹಾಕು ಅಂತಾರೆ. ಏನು ಮಾಡ್ಲಿ?

ಹಾಕ್ಬೇಡಿ. ಇಂಟರ್ನ್‌ಶಿಪ್ ಹೋದ್ರೆ ಹೋಗ್ಲಿ, ಇನ್ನೊಂದು ಸಿಗತ್ತೆ, ಆ ನೀರು ಕುಡಿಯೋರಿಗೆ ಇನ್ನೊಂದು ಹೊಳೆ ಸಿಗಲ್ಲ. ಜಗಳ ಆಡಕ್ಕೆ ಹೋಗ್ಬೇಡಿ, ನಾನು ಅಳತೆ ಮಾಡಿಲ್ಲ, ಹಾಗಾಗಿ ಸಹಿ ಹಾಕಕ್ಕೆ ಆಗಲ್ಲ ಅಂತ ಒಂದೇ ಸಾಲು ಇಮೇಲಲ್ಲಿ ಬರೀರಿ, ಬಾಯಲ್ಲಿ ಹೇಳ್ಬೇಡಿ. ನಿಮ್ಮ ಕಾಲೇಜಿನ ಗೈಡಿಗೂ ಅದರ ಕಾಪಿ ಹಾಕಿ. ಫೀಲ್ಡ್ ನೋಟ್‌ಬುಕ್ಕಲ್ಲಿ ತಾರೀಕು, ಗಂಟೆ, ಜಾಗ, ಮೀಟರ್ ನಂಬರ್ ಬರೆದು ಪ್ರತಿ ಪುಟದ ಫೋಟೋ ಅವತ್ತೇ ತೆಗೆದಿಟ್ಕೊಳ್ಳಿ, ನೋಟ್‌ಬುಕ್ ಆಫೀಸಿನದ್ದು ಅಂತ ಅವ್ರು ಕಿತ್ಕೊಂಡ್ರೂ ನೀವು ಅಳೆದಿದ್ದೇನು ಅನ್ನೋದು ನಿಮ್ಮ ಹತ್ರ ಇರತ್ತೆ.