ಓದುಗರ ಪ್ರಶ್ನೆ, ನಮ್ಮ ಉತ್ತರ: ಸುಟ್ಟ ಕೊಟ್ಟಿಗೆ, ಊರಿನ ಮುಯ್ಯಿ

ಪ್ರಶ್ನೆ: ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಮೂರು ತಲೆಮಾರುಗಳಿಂದ ಮರದ ಕೆತ್ತನೆ ಮಾಡುತ್ತ ಬಂದಿರುವ ಒಂದು ಗುಡಿಗಾರ ಕುಟುಂಬವಿದೆ. ಕಳೆದ ತಿಂಗಳು ರಾತ್ರಿ ಅವರ ಕೆಲಸದ ಕೊಟ್ಟಿಗೆಗೆ ಬೆಂಕಿ ಬಿದ್ದು, ಅರ್ಧ ಮುಗಿದಿದ್ದ ದೇವರ ಮಂಟಪಗಳು, ಒಣಗಿಸಿಟ್ಟ ಶಿವನೆ ಮರ, ಉಳಿಗಳು, ಹಿರಿಯರು ಕಾಗದದ ಮೇಲೆ ಬರೆದಿಟ್ಟಿದ್ದ ನಕ್ಷೆಗಳು ಎಲ್ಲವೂ ಸುಟ್ಟುಹೋದವು. ಅದೃಷ್ಟಕ್ಕೆ ಯಾರ ಜೀವಕ್ಕೂ ತೊಂದರೆಯಾಗಲಿಲ್ಲ. ಯುವಕ ಸಂಘದವರು ಹಣ ಎತ್ತೋಣ ಎನ್ನುತ್ತಿದ್ದಾರೆ. ಮನೆಯ ಯಜಮಾನರು ಮಾತ್ರ, "ನಾವು ಯಾರ ಮುಂದೆಯೂ ಕೈಚಾಚಿದವರಲ್ಲ" ಎಂದು ಹೇಳಿ ಸುಮ್ಮನಾಗಿದ್ದಾರೆ. ಮಳೆಗಾಲ ಹತ್ತಿರ ಬರುತ್ತಿದೆ. ನಾವು ಹೇಗೆ ಮುಂದುವರಿಯಬೇಕು? ಸುಟ್ಟ ಉಳಿಗಳನ್ನು ಗುಜರಿಗೆ ಹಾಕುವುದೇ ಸರಿಯೇ?
— ಓರ್ವ ನೆರೆಮನೆಯವರು, ಸಾಗರ ತಾಲ್ಲೂಕು

ಉತ್ತರ: ಯಜಮಾನರ ಆ ಮಾತನ್ನು ನೀವು ಅಡ್ಡಿಯೆಂದು ತಿಳಿಯಬೇಡಿ, ನಿಮ್ಮ ಕೆಲಸ ಆರಂಭವಾಗಬೇಕಾದದ್ದು ಅಲ್ಲಿಂದಲೇ. ನಮ್ಮ ಮಲೆನಾಡಿನಲ್ಲಿ ನಾಟಿಗೆ, ಕೊಯ್ಲಿಗೆ, ಮನೆಯ ಹೆಂಚು ಹೊದಿಸುವುದಕ್ಕೆ ಮುಯ್ಯಾಳಾಗಿ ಹೋಗುವುದನ್ನು ಯಾರೂ ಭಿಕ್ಷೆ ಎಂದು ಕರೆಯುವುದಿಲ್ಲ, ಏಕೆಂದರೆ ಇಂದು ನಾನು ನಿಮ್ಮಲ್ಲಿಗೆ ಬಂದರೆ ನಾಳೆ ನೀವು ನನ್ನಲ್ಲಿಗೆ ಬರುತ್ತೀರಿ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಮೂರು ತಲೆಮಾರು ಊರಿನ ದೇವರ ಮನೆಗಳಿಗೆ ಮಂಟಪ ಕೆತ್ತಿಕೊಟ್ಟವರಿಗೆ ಊರು ಈಗ ಕೊಡುವುದು ಮುಯ್ಯಿಯೇ ಹೊರತು ದಾನವಲ್ಲ. ಹಾಗೆಂದು ಹಿರಿಯರಿಬ್ಬರು ಮನೆಗೆ ಹೋಗಿ ಹೇಳಲಿ. ಹಣದ ಮಾತನ್ನು ಮೊದಲು ಎತ್ತದೆ, "ಮತ್ತೆ ಕೆಲಸಕ್ಕೆ ಕೂರಬೇಕಾದರೆ ಮೊದಲು ಏನು ಬೇಕು?" ಎಂದು ಕೇಳಲಿ. ಸಿಗುವ ಉತ್ತರ ಬಹುಶಃ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿರುತ್ತದೆ: ಮಳೆ ಸೋರದ ಒಂದು ಮೂಲೆ, ಕೆಲಸದ ಮಣೆ, ಹತ್ತಾರು ಉಳಿ, ಒಂದು ಕೊಡತಿ, ಸಾಣೆಕಲ್ಲು, ಒಣಗಿದ ಮರ.

ಒಣಗಿದ ಮರವೆಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹಸಿಮರದಲ್ಲಿ ಕೆತ್ತಿದರೆ ಅದು ಒಣಗುವಾಗ ಸೀಳುತ್ತದೆ; ಮೃಗಶಿರ ಮಳೆ ಹಿಡಿದ ಮೇಲಂತೂ ನಮ್ಮ ಕಡೆ ಮರ ಒಣಗುವ ಮಾತೇ ಇಲ್ಲ. ಆದ್ದರಿಂದ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿರುವ ಶಿವನೆ, ಹಲಸು, ಸಾಗುವಾನಿ ತುಂಡುಗಳು ಯಾರ ಮನೆಯಲ್ಲಿವೆಯೋ ಅವರನ್ನು ಈಗಲೇ ಕೇಳಿ. ಅಂಥ ಒಂದು ತುಂಡು ಈ ಕುಟುಂಬಕ್ಕೆ ನಗದಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೊಸ ಕೊಟ್ಟಿಗೆ ಏಳುವ ತನಕ ಯಾರದಾದರೂ ಖಾಲಿ ಅಡಿಕೆ ಮನೆಯಲ್ಲಿ ಮಣೆ ಹಾಕಿಕೊಡಬಹುದು. ಅಡಿಕೆ ಕೆಲಸ ಮತ್ತೆ ಶುರುವಾಗುವುದು ಮಳೆಗಾಲ ಕಳೆದ ಮೇಲೆಯೇ.

ಉಳಿಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಬೆಂಕಿಯಲ್ಲಿ ಕಾದು ನಿಧಾನವಾಗಿ ತಣಿದ ಉಕ್ಕು ತನ್ನ ಹದವನ್ನು ಕಳೆದುಕೊಂಡು ಮೆತ್ತಗಾಗುತ್ತದೆಯೇ ಹೊರತು ಸತ್ತುಹೋಗುವುದಿಲ್ಲ. ಅಲಗು ಸೊಟ್ಟಗಾಗದೆ, ತುಕ್ಕು ಆಳಕ್ಕೆ ಇಳಿಯದೆ ಇದ್ದರೆ, ಅನುಭವವುಳ್ಳ ಕಮ್ಮಾರರು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿ, ಮತ್ತೆ ಹಿತವಾದ ಬಿಸಿ ಕೊಟ್ಟು ಹದ ಮರಳಿಸಬಲ್ಲರು. ಹಿಡಿ ಮಾತ್ರ ಹೊಸದಾಗಿ ಹಾಕಿಸಬೇಕು. ತಂದೆಯೋ ಅಜ್ಜನೋ ಹಿಡಿದ ಉಳಿ ಮತ್ತೆ ಕೈಗೆ ಬರುವುದೆಂದರೆ ಏನೆಂಬುದನ್ನು ಆ ಮನೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಬೂದಿಯನ್ನು ಜರಡಿ ಹಿಡಿದು ಒಂದೊಂದು ಅಲಗನ್ನೂ ಆರಿಸಿ, ಎಣ್ಣೆ ಸವರಿ ಇಡಿ.

ನಕ್ಷೆಗಳ ವಿಷಯದಲ್ಲಿ ಊರಿನಿಂದ ಮಾತ್ರ ಆಗಬಹುದಾದ ಒಂದು ಕೆಲಸವಿದೆ. ಕಾಗದ ಸುಟ್ಟಿರಬಹುದು, ಆದರೆ ಆ ನಕ್ಷೆಗಳಿಂದ ಹುಟ್ಟಿದ ಬಳ್ಳಿ, ಹಂಸ, ಕಮಲ, ಗಜಲಕ್ಷ್ಮಿಗಳು ಸುತ್ತಲಿನ ಹತ್ತಾರು ಮನೆಗಳ ಮಂಟಪಗಳಲ್ಲಿ, ಬಾಗಿಲವಾಡಗಳಲ್ಲಿ ಇಂದಿಗೂ ಇವೆ. ಯುವಕರು ಮನೆಮನೆಗೆ ಹೋಗಿ, ಕೆತ್ತನೆಯ ಮೇಲೆ ತೆಳು ಕಾಗದವಿಟ್ಟು ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ಉಜ್ಜಿದರೆ, ಉಬ್ಬಿದ ಭಾಗವೆಲ್ಲ ಅದೇ ಅಳತೆಯಲ್ಲಿ ಮೂಡುತ್ತದೆ. ಜೊತೆಗೆ ಪಕ್ಕದಲ್ಲೊಂದು ಅಳತೆಪಟ್ಟಿಯನ್ನಿಟ್ಟು ಎದುರಿನಿಂದ ಫೋಟೋ ತೆಗೆದುಕೊಂಡರೆ, ಆಳವೆಷ್ಟೆಂಬುದನ್ನು ಯಜಮಾನರ ಕಣ್ಣು ತಾನೇ ಅಂದಾಜು ಮಾಡಿಕೊಳ್ಳುತ್ತದೆ. ಹಣ ಕೊಡಲಾಗದ ಮನೆಯವರೂ ಈ ಕೆಲಸದಲ್ಲಿ ಸರಿಸಮವಾಗಿ ಪಾಲುಗೊಳ್ಳಬಹುದು. ಹಾಗೆ ಮರಳಿ ಬಂದ ನಕ್ಷೆಗಳು ಕುಟುಂಬದ ಆಸ್ತಿ. ಅವರ ಒಪ್ಪಿಗೆಯಿಲ್ಲದೆ ಅವು ಬೇರೆಯವರ ಕೈಗೆ ಹೋಗಕೂಡದು.

ಇನ್ನು ಹಣ. ಮುಂಗಡ ಕೊಟ್ಟು ಮಂಟಪಕ್ಕಾಗಿ ಕಾಯುತ್ತಿರುವವರು ಇದ್ದೇ ಇರುತ್ತಾರೆ. ಯಜಮಾನರ ಮೌನದ ಹಿಂದೆ ಆ ಸಾಲದ ಭಾರವೂ ಇರಬಹುದೆಂದು ನನ್ನ ಊಹೆ. ಚಂದಾ ಎತ್ತುವ ಮೊದಲೇ ಆ ಗಿರಾಕಿಗಳನ್ನು ಕಂಡು, ಒಂದು ವರ್ಷದ ಗಡುವು ಕೇಳಿ. ಬಳಿಕ, ಕೊಡಲು ಮನಸ್ಸುಳ್ಳವರು ಸಾಧ್ಯವಾದಷ್ಟು ಹೊಸ ಕೆಲಸಕ್ಕೆ ಮುಂಗಡದ ರೂಪದಲ್ಲಿಯೇ ಕೊಡಲಿ. ಉಳಿದ ಮೊತ್ತಕ್ಕೆ ಕುಟುಂಬದ ಒಬ್ಬರೂ ಊರಿನ ಇಬ್ಬರೂ ಸೇರಿ ಜಂಟಿ ಬ್ಯಾಂಕ್ ಖಾತೆ ತೆರೆಯಲಿ. ಯಾರದೋ ಸ್ವಂತ ಮೊಬೈಲಿನ ಕ್ಯೂಆರ್ ಕೋಡನ್ನು ವಾಟ್ಸಾಪ್‌ನಲ್ಲಿ ಹಂಚುವುದು ಬೇಡವೇ ಬೇಡ. ಲೆಕ್ಕದ ಒಂದು ಅನುಮಾನ ಹುಟ್ಟಿದರೆ ಕೆಟ್ಟ ಹೆಸರು ಬರುವುದು ಏನೂ ತಪ್ಪು ಮಾಡದ ಆ ಮನೆಗೆ.

ಸರ್ಕಾರದ ಕಡೆಯಿಂದ ಬರುವುದು ಅಲ್ಪವಾದರೂ ಬಿಡಬೇಡಿ. ಅಗ್ನಿಶಾಮಕ ಠಾಣೆಯ ವರದಿ, ಪೊಲೀಸ್ ದೂರಿನ ಪ್ರತಿ, ಗ್ರಾಮ ಆಡಳಿತ ಅಧಿಕಾರಿಯ ಮಹಜರು ಮತ್ತು ಫೋಟೋಗಳನ್ನು ಸೇರಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿಸಿ. ವಿಪತ್ತು ಪರಿಹಾರ ನಿಧಿಯಡಿ ಬರುವ ವಿಪತ್ತುಗಳಲ್ಲಿ ಬೆಂಕಿಯೂ ಒಂದು; 2022ರಿಂದ 2026ರವರೆಗಿನ ಮಾರ್ಗಸೂಚಿಯಲ್ಲಿ ಕರಕುಶಲಕರ್ಮಿಗೆ ಉಪಕರಣಗಳ ನಷ್ಟಕ್ಕೆ 5,000 ರೂಪಾಯಿ, ಕಚ್ಚಾವಸ್ತು ಮತ್ತು ಸಿದ್ಧವಸ್ತುಗಳ ನಷ್ಟಕ್ಕೆ 5,000 ರೂಪಾಯಿ ಎಂದಿದೆ. ಬ್ಯಾಂಕ್ ಸಾಲವಿದ್ದರೆ ಪಾಸ್‌ಬುಕ್ಕನ್ನು ತೆರೆದು ನೋಡಿ. ಸಾಲದ ಜೊತೆಗೆ ಬೆಂಕಿ ವಿಮೆಯ ಕಂತನ್ನು ಕಡಿತ ಮಾಡಿರುವುದು ಎಷ್ಟೋ ಸಲ ಸಾಲಗಾರರಿಗೇ ಗೊತ್ತಿರುವುದಿಲ್ಲ. ಕೊಟ್ಟಿಗೆಯಲ್ಲಿ ಶ್ರೀಗಂಧ ಇದ್ದಿದ್ದರೆ ಅದು ಸುಟ್ಟ ಸಂಗತಿಯನ್ನು ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು ಅಗತ್ಯ. ಗಂಧದ ದಾಸ್ತಾನಿನ ಲೆಕ್ಕ ತಪ್ಪಿದರೆ ಮುಂದೆ ತೊಂದರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 15,000 ರೂಪಾಯಿಯವರೆಗೆ ಉಪಕರಣ ನೆರವು, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ ಇದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಸಿಗುವುದರಿಂದ, ಮೊದಲೇ ಯಾರಾದರೂ ನೋಂದಾಯಿಸಿದ್ದಾರೆಯೇ ಎಂದು ವಿಚಾರಿಸಿ.

ಪ್ರಶ್ನೆ: ನಮ್ಮದೂ ಚಿಕ್ಕ ಮರಗೆಲಸದ ಕೊಟ್ಟಿಗೆ. ಇಂಥ ಅನಾಹುತಗಳನ್ನು ಕೇಳಿ ಹೆದರಿಕೆಯಾಗಿದೆ. ವೈರಿಂಗ್ ಸರಿಯಾಗಿದೆ. ಬೇರೆ ಏನನ್ನು ಗಮನಿಸಬೇಕು?
— ಓರ್ವ ಓದುಗರು, ತೀರ್ಥಹಳ್ಳಿ

ಉತ್ತರ: ಪಾಲಿಶ್ ಒರೆಸಿದ ಬಟ್ಟೆಯನ್ನು ಗಮನಿಸಿ. ಅಗಸೆ ಎಣ್ಣೆ ಒಣಗುವಾಗ ಗಾಳಿಯೊಡನೆ ಬೆರೆತು ಬಿಸಿಯನ್ನು ಹುಟ್ಟಿಸುತ್ತದೆ. ಎಣ್ಣೆ ಹೀರಿದ ಬಟ್ಟೆಗಳನ್ನು ಉಂಡೆ ಕಟ್ಟಿ ಮೂಲೆಗೆ ಎಸೆದರೆ ಆ ಬಿಸಿ ಹೊರಹೋಗಲಾಗದೆ, ಕಿಡಿಯಿಲ್ಲದೆಯೇ ಬೆಂಕಿ ಹತ್ತಬಹುದು, ಪಕ್ಕದಲ್ಲಿ ಮರದ ಹೊಟ್ಟು ಇದ್ದರಂತೂ ಹೇಳಬೇಕಾಗಿಲ್ಲ. ಅಂಥ ಬಟ್ಟೆಗಳನ್ನು ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಮುಳುಗಿಸಿಡಿ. ಥಿನ್ನರ್ ಡಬ್ಬ ಕೊಟ್ಟಿಗೆಯಿಂದ ಹೊರಗಿರಲಿ. ಹೊಟ್ಟನ್ನು ಪ್ರತಿದಿನ ಸಂಜೆ ಗುಡಿಸಿ ಹಾಕಿ, ದೀಪ ಆರಿಸಿದ ಮೇಲೆ ಮೇನ್ ಸ್ವಿಚ್ಚನ್ನೂ ಆರಿಸಿ ಬಾಗಿಲು ಹಾಕಿ.